ಎ, ಆ್ಯನ್, ದಿ: ಯಾವುದನ್ನು ಎಲ್ಲಿ ಹಾಕುವುದು?

ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದ 'ದಿ'. ಅಷ್ಟು ಸಲ ಬರುವ ಪದವನ್ನೇ ನಾವು ಅಂದಾಜಿನ ಮೇಲೆ ಹಾಕುತ್ತೇವೆ. ಕಿವಿಗೆ ಚೆನ್ನಾಗಿ ಕೇಳಿಸಿದರೆ ಇರಲಿ, ಇಲ್ಲದಿದ್ದರೆ ಬಿಡೋಣ ಅಂತ. ನಿಯಮಗಳ ಉದ್ದ ಪಟ್ಟಿ ಬಾಯಿಪಾಠ ಮಾಡಿದರೂ ಮಾತಾಡುವ ಹೊತ್ತಿಗೆ ಅದು ನೆನಪಿಗೆ ಬರುವುದಿಲ್ಲ. ಅದರ ಬದಲು ಪ್ರತಿ ನಾಮಪದದ ಮುಂದೆ ಒಂದು ಕ್ಷಣ ನಿಂತು, ಈ ಕ್ರಮದಲ್ಲಿ ಪ್ರಶ್ನೆ ಕೇಳಿಕೊಳ್ಳಿ.

ಮೊದಲ ಪ್ರಶ್ನೆ: ಯಾವುದರ ಬಗ್ಗೆ ಹೇಳುತ್ತಿದ್ದೀನಿ ಅಂತ ಎದುರಿನವರಿಗೆ ಗೊತ್ತಾ?

ಗಮನಿಸಿ, ನಿಮಗೆ ಗೊತ್ತಿದ್ದರೆ ಸಾಲದು. 'ಐ ಬಾಟ್ ಎ ಬುಕ್' ಅನ್ನುವಾಗ ಯಾವ ಪುಸ್ತಕ ಅಂತ ನಿಮಗೆ ಚೆನ್ನಾಗಿ ಗೊತ್ತು, ಕೇಳುವವರಿಗೆ ಗೊತ್ತಿಲ್ಲ, ಅದಕ್ಕೇ 'ಎ'. ಮುಂದಿನ ವಾಕ್ಯದಲ್ಲಿ ಅವರಿಗೂ ಗೊತ್ತಾಯಿತು, ಆಗ 'ದಿ ಬುಕ್'. ಮೊದಲ ಸಲ 'ಎ', ಎರಡನೇ ಸಲ 'ದಿ' ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲ, ಅದು ಅರ್ಧ ಮಾತು ಅಷ್ಟೇ. 'ಕ್ಲೋಸ್ ದಿ ಡೋರ್' ಅನ್ನುವಾಗ ಬಾಗಿಲಿನ ಪ್ರಸ್ತಾಪ ಬಂದಿರುವುದೇ ಮೊದಲ ಸಲ. ಆದರೂ 'ದಿ', ಯಾಕೆಂದರೆ ಯಾವ ಬಾಗಿಲು ಅಂತ ಇಬ್ಬರಿಗೂ ಕಾಣುತ್ತಿದೆ. 'ಐ ಬಾಟ್ ಎ ಬೈಕ್, ಬಟ್ ದಿ ಬ್ರೇಕ್ಸ್ ಆರ್ ಬ್ಯಾಡ್' ಅನ್ನುವುದೂ ಹೀಗೇ: ಬೈಕ್ ಅಂದ ಮೇಲೆ ಬ್ರೇಕ್ ಯಾವುದರದ್ದು ಅಂತ ಬಿಡಿಸಿ ಹೇಳಬೇಕಾ? 'ದಿ ಸನ್', 'ದಿ ಫಸ್ಟ್ ಡೇ', 'ದಿ ಬೆಸ್ಟ್ ಆನ್ಸರ್' ಎಲ್ಲವೂ ಇದೇ ಲೆಕ್ಕ. ಇರುವುದೇ ಒಂದು, ಗೊಂದಲಕ್ಕೆ ಜಾಗವಿಲ್ಲ.

ಕನ್ನಡದಲ್ಲಿ ಎ, ಆ್ಯನ್, ದಿ ಥರದ ಆರ್ಟಿಕಲ್ ಇಲ್ಲ, ನಿಜ. ಆದರೆ ಈ ವ್ಯತ್ಯಾಸ ನಮಗೆ ಹೊಸದೇನಲ್ಲ. 'ಪುಸ್ತಕ ಓದುತ್ತಿದ್ದೆ' ಅಂದರೆ ಯಾವುದೋ ಒಂದು ಪುಸ್ತಕ. 'ಪುಸ್ತಕವನ್ನು ಓದಿ ಮುಗಿಸಿದೆ' ಅಂದರೆ ಸಾಮಾನ್ಯವಾಗಿ ನಿಮಗೂ ನನಗೂ ಗೊತ್ತಿರುವ ಪುಸ್ತಕ. ವಸ್ತುಗಳ ವಿಷಯದಲ್ಲಿ 'ಅನ್ನು' ತಾನಾಗೇ ಬಾಯಿಗೆ ಬಂದರೆ, ಅಲ್ಲಿ 'ದಿ' ಬೇಕಾಗಬಹುದು ಅಂತ ಅನುಮಾನಪಡಿ. ಮನುಷ್ಯರ ವಿಷಯದಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿ 'ಅನ್ನು' ಹೇಗೂ ಬರುತ್ತದೆ.

ಎದುರಿನವರಿಗೆ ಗೊತ್ತಿಲ್ಲ ಅಂತಾದರೆ ಎರಡನೇ ಪ್ರಶ್ನೆ: ಇದನ್ನು ಎಣಿಸಬಹುದಾ?

'ಎ' ಹುಟ್ಟಿದ್ದೇ 'ಒನ್' ಎಂಬ ಅರ್ಥದ ಪದದಿಂದ. ಹಾಗಾಗಿ ಎಣಿಸಲಾಗದ ಪದಕ್ಕೆ ಅದು ಅಂಟುವುದಿಲ್ಲ. ಇಲ್ಲಿ ಕೈಕೊಡುವ ಪದಗಳು ಕೆಲವಿವೆ: ಅಡ್ವೈಸ್, ಇನ್ಫರ್ಮೇಶನ್, ಫರ್ನಿಚರ್, ಲಗೇಜ್, ನ್ಯೂಸ್. ನಮಗೆ ಎಣಿಸಬಹುದು ಅನ್ನಿಸುತ್ತದೆ, ಇಂಗ್ಲಿಷ್ ಒಪ್ಪುವುದಿಲ್ಲ. ಒಂದು ಸಲಹೆ ಅನ್ನಲು 'ಎ ಪೀಸ್ ಆಫ್ ಅಡ್ವೈಸ್' ಅನ್ನಬೇಕು. ಎಣಿಸುವಂಥದ್ದು ಒಂದೇ ಇದ್ದರೆ ಅದನ್ನು ಬರಿದೇ ಬಿಡುವಂತಿಲ್ಲ. 'ಐ ಆಮ್ ಟೀಚರ್' ತಪ್ಪು, 'ಐ ಆಮ್ ಎ ಟೀಚರ್' ಸರಿ. ನಾನು ನೋಡಿದಂತೆ ಜಾಸ್ತಿ ಜನ ಮಾಡುವ ತಪ್ಪು ಇದೇ. ಒಟ್ಟಾರೆಯಾಗಿ ಮಾತಾಡುವಾಗ ಏನೂ ಬೇಡ: 'ಡಾಗ್ಸ್ ಆರ್ ಲಾಯಲ್', 'ಲೈಫ್ ಈಸ್ ಶಾರ್ಟ್'.

ಮೂರನೆಯದು ಸುಲಭ. 'ಎ' ಹಾಕಬೇಕು ಅಂತಾದ ಮೇಲೆ ಅದು 'ಆ್ಯನ್' ಆಗಬೇಕಾ ಅಂತ ನೋಡಿ. ನೋಡಬೇಕಾದದ್ದು ಅಕ್ಷರವನ್ನಲ್ಲ, ಉಚ್ಚಾರವನ್ನು. ಅದೂ ಪಕ್ಕದಲ್ಲೇ ಇರುವ ಪದದ್ದು: ಅದು ಸ್ವರದಿಂದ ಶುರುವಾದರೆ 'ಆ್ಯನ್'. 'ಆ್ಯನ್ ಅವರ್', 'ಎ ಯೂನಿವರ್ಸಿಟಿ', 'ಆ್ಯನ್ ಎಂಬಿಎ', 'ಎ ಒನ್-ವೇ ಸ್ಟ್ರೀಟ್'. ಆದರೆ ನಮ್ಮ ಬಾಯಿಯನ್ನು ಪೂರ್ತಿ ನಂಬಬೇಡಿ, ನಮ್ಮಲ್ಲಿ ಅನೇಕರು ಎಗ್ ಅನ್ನು 'ಯೆಗ್' ಅನ್ನುತ್ತೇವೆ ಅಲ್ವಾ? ಇಂಗ್ಲಿಷ್‌ನವರ ಬಾಯಲ್ಲಿ ಅದು ಸ್ವರವೇ, ಹಾಗಾಗಿ 'ಆ್ಯನ್ ಎಗ್'. ನಡುವೆ 'ಬಿಗ್' ಬಂದರೆ 'ಎ ಬಿಗ್ ಎಗ್'.

ಹೆಸರುಗಳ ಮಟ್ಟಿಗೆ ಸ್ವಲ್ಪ ಬಾಯಿಪಾಠ ತಪ್ಪಿದ್ದಲ್ಲ. ನದಿ, ಸಾಗರ, ಪರ್ವತಶ್ರೇಣಿಗಳಿಗೆ 'ದಿ' ಬೇಕು: ದಿ ನೈಲ್, ದಿ ಪೆಸಿಫಿಕ್, ದಿ ಆಲ್ಪ್ಸ್. ಒಂಟಿ ಶಿಖರ ಎವರೆಸ್ಟ್‌ಗೆ ಬೇಡ. ಹೆಚ್ಚಿನ ದೇಶಗಳಿಗೂ ಬೇಡ, ಆದರೆ ದಿ ನೆದರ್‌ಲ್ಯಾಂಡ್ಸ್, ದಿ ಯುನೈಟೆಡ್ ಕಿಂಗ್‌ಡಮ್. ರೋಗಿಯಾಗಿ ಆಸ್ಪತ್ರೆಯಲ್ಲಿದ್ದರೆ ಬ್ರಿಟನ್ನಿನವರು 'ಇನ್ ಹಾಸ್ಪಿಟಲ್' ಅನ್ನುತ್ತಾರೆ, ಅಮೆರಿಕದವರು 'ಇನ್ ದಿ ಹಾಸ್ಪಿಟಲ್'. ಯಾಕೆ ಅಂತ ಕೇಳಿ ಪ್ರಯೋಜನವಿಲ್ಲ. ಹಾಗೇ 'ಐ ಹ್ಯಾವ್ ಫ್ಯೂ ಫ್ರೆಂಡ್ಸ್' ಅಂದರೆ ಗೆಳೆಯರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕೆಲವರಿದ್ದಾರೆ ಅನ್ನಲು 'ಎ ಫ್ಯೂ' ಬೇಕು, ಒಂದು ಸಣ್ಣ 'ಎ' ಬಿಟ್ಟರೆ ಸುಮ್ನೆ ಎಲ್ಲರ ಅನುಕಂಪ ಗಿಟ್ಟಿಸುತ್ತೀರಿ.

ಅಭ್ಯಾಸಕ್ಕೆ ಇಂಗ್ಲಿಷ್ ಪತ್ರಿಕೆಯ ಒಂದು ಪ್ಯಾರಾ ತೆಗೆದುಕೊಳ್ಳಿ. ಆರ್ಟಿಕಲ್‌ಗಳನ್ನೆಲ್ಲ ಬಿಟ್ಟು ಕಾಪಿ ಮಾಡಿ, ಮರುದಿನ ಮೂಲ ನೋಡದೆ ತುಂಬಿಸಿ, ಆಮೇಲೆ ಹೋಲಿಸಿ. ತಪ್ಪಾದ ಕಡೆ ಮೊದಲ ಪ್ರಶ್ನೆಯನ್ನೇ ಮತ್ತೆ ಕೇಳಿ: ಓದುಗರಿಗೆ ಯಾವುದು ಅಂತ ಗೊತ್ತಿತ್ತಾ? ಎರಡೂ ಸರಿಹೋಗುವ ಜಾಗಗಳೂ ಸಿಗುತ್ತವೆ, ಅಲ್ಲಿ ತಲೆ ಕೆಡಿಸಿಕೊಳ್ಳದೆ ಮುಂದಕ್ಕೆ ಹೋಗಿ.