ತಲೆಗೆ ಪೆಟ್ಟು ಬಿದ್ದ ಮೇಲೆ ಮಂಡಿ ಲೆಕ್ಕ: ನನ್ನ ಅನುಭವ

ನಾನು ಕೋಲಾರ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ರೈಟರ್. ಯಾವ ರೈತರದು ಎಷ್ಟು ಬಾಕ್ಸ್ ಬಂತು, ಹರಾಜಿನಲ್ಲಿ ಯಾರಿಗೆ ಯಾವ ರೇಟಿಗೆ ಹೋಯಿತು ಅನ್ನುವುದನ್ನು ಕೂಗಿದ ಹಾಗೇ ಕಿವಿಯಲ್ಲಿ ಹಿಡಿದು ಪುಸ್ತಕಕ್ಕೆ ಇಳಿಸಬೇಕು. ಒಂದು ಬಾಕ್ಸ್ 15 ಕೆಜಿ, ರೇಟು ಬಾಕ್ಸಿನ ಲೆಕ್ಕದಲ್ಲೇ. ಸೀಸನ್ ಬಂತೆಂದರೆ ಬಾಕ್ಸ್ ಇಳಿಸುವ ಸದ್ದು, ಲಾರಿ ಹಾರ್ನ್, ಅಕ್ಕಪಕ್ಕದ ಮಂಡಿಗಳ ಕೂಗು ಎಲ್ಲಾ ಒಂದರ ಮೇಲೊಂದು. ಕಿವಿ, ಕಣ್ಣು, ನೆನಪು ಮೂರೂ ಒಟ್ಟಿಗೆ ಓಡದಿದ್ದರೆ ಈ ಕೆಲಸ ಆಗುವುದಿಲ್ಲ. ತಲೆಗೆ ಬಿದ್ದ ಪೆಟ್ಟು ಸರಿಯಾಗಿ ಈ ಮೂರನ್ನೇ ಹಿಡಿಯಿತು.

ನರಸಾಪುರದ ಕಡೆಯಿಂದ ಬರುವಾಗ ಬೈಕಿಗೆ ನಾಯಿ ಅಡ್ಡ ಬಂತು. ಹೆಲ್ಮೆಟ್ ಇತ್ತು, ಜೀವ ಉಳಿಯಿತು. ಸಿಟಿ ಸ್ಕ್ಯಾನ್ ನಾರ್ಮಲ್. ಕನ್ಕಷನ್ ಆಗಿದೆ, ಅಂದರೆ ಪೆಟ್ಟಿಗೆ ಮಿದುಳು ಅಲುಗಾಡಿದೆ ಅಂದರು ಡಾಕ್ಟರು. ಸಿಟಿ ಸ್ಕ್ಯಾನಿಗೆ ಕಾಣುವುದು ಮೂಳೆ ಮುರಿತ, ರಕ್ತಸ್ರಾವ. ಮಿದುಳು ಅಲುಗಾಡಿ ಅದರ ಕೆಲಸ ಏರುಪೇರಾದದ್ದು ಅದಕ್ಕೆ ಕಾಣುವುದಿಲ್ಲ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ, ವರ್ಷ ದಾಟಿಯೂ ಉಳಿಯುತ್ತದೆ. ನನ್ನದು ಎರಡನೆಯ ಗುಂಪು. ತಲೆನೋವು, ತಲೆಸುತ್ತು, ಬೆಳಕು ಕಂಡರೆ ಆಗದು, ಸದ್ದು ಕೇಳಿದರೆ ಆಗದು, ಹೇಳಿದ ಮಾತು ನಿಲ್ಲದು, ಮೂಗಿನ ತುದಿಯಲ್ಲೇ ಸಿಟ್ಟು. "ರಿಪೋರ್ಟ್ ಎಲ್ಲಾ ನೆಟ್ಟಗಿದೆಯಂತಲ್ಲಪ್ಪಾ, ಇನ್ನೇನು ನಿಂದು?" ಎಂದು ನೆಂಟರು ಕೇಳಿದಾಗ ಆಗುತ್ತಿದ್ದ ಸಂಕಟ ತಲೆನೋವಿಗಿಂತ ಹೆಚ್ಚು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪೆಟ್ಟು ಬಿದ್ದ ಮೇಲೆ ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ ಒಂದು ಕ್ಷಣವೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ನಾನು ಬರೆಯುತ್ತಿರುವುದು ಆ ಗಂಡಾಂತರ ಇಲ್ಲವೆಂದು ಡಾಕ್ಟರು ಹೇಳಿದ ಮೇಲಿನ ಬದುಕಿನ ಬಗ್ಗೆ.

ನನಗೆ ಎರಡು ಬಗೆಯ ಬುದ್ಧಿಮಾತು ಬಂತು. ಕತ್ತಲೆ ಕೋಣೆಯಲ್ಲಿ ತಿಂಗಳಾನುಗಟ್ಟಲೆ ಮಲಗಿಬಿಡು ಅನ್ನುವುದು ಒಂದು. ಮನಸ್ಸು ಗಟ್ಟಿ ಮಾಡಿಕೊಂಡು ಕೆಲಸಕ್ಕೆ ಇಳಿ, ತಾನಾಗೇ ಹೋಗುತ್ತೆ ಅನ್ನುವುದು ಇನ್ನೊಂದು. ಎರಡೂ ಪ್ರೀತಿಯಿಂದ ಹೇಳಿದ್ದೇ, ಆದರೆ ಎರಡರಿಂದಲೂ ವಾಸಿಯಾಗುವುದಿಲ್ಲ. ಪೂರ್ತಿ ವಿಶ್ರಾಂತಿ ಬೇಕಾದದ್ದು ಮೊದಲ ಒಂದೆರಡು ದಿನ ಮಾತ್ರ ಎಂದರು ಡಾಕ್ಟರು. ಆಮೇಲೂ ಮಲಗೇ ಇದ್ದರೆ ನಿದ್ದೆ ಕೆಡುತ್ತದೆ, ಮೈ ಸೋಲುತ್ತದೆ, ಬೆಳಕು ಸದ್ದುಗಳ ಭಯ ಬೆಳೆಯುತ್ತದೆ. ಮೈಮುರಿದು ದುಡಿದರೆ ಒಂದು ದಿನದ ಕೆಲಸಕ್ಕೆ ಎರಡು ಮೂರು ದಿನ ಹಾಸಿಗೆ.

ನಮ್ಮ ಕಡೆ ಬೋರ್‌ವೆಲ್ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಕಡಿದು ಗಾಳಿ ಬರುವವರೆಗೆ ಓಡಿಸಿದರೆ ಮೋಟಾರು ಸುಟ್ಟುಹೋಗುತ್ತದೆ. ಬಿಟ್ಟು ಬಿಟ್ಟು ಓಡಿಸಿದರೆ ಅದೇ ಬೋರು ಬೆಳೆ ಉಳಿಸುತ್ತದೆ. ನನ್ನನ್ನು ಕಾಪಾಡಿದ್ದು ಇದೇ ಲೆಕ್ಕ: ನೋವು ಬಂದ ಮೇಲೆ ನಿಲ್ಲಿಸುವುದಲ್ಲ, ಗಡಿಯಾರ ನೋಡಿ ನಿಲ್ಲಿಸುವುದು. ಪುಸ್ತಕದ ಕೆಲಸ 20 ನಿಮಿಷ, ಆಮೇಲೆ 10 ನಿಮಿಷ ಗೋಡೌನಿನ ಹಿಂದೆ ನೆರಳಿನಲ್ಲಿ ಸುಮ್ಮನೆ ಕೂರುವುದು. ಆ ಹತ್ತು ನಿಮಿಷ ಫೋನ್ ಇಲ್ಲ, ಮಾತಿಲ್ಲ. ತಲೆ ಹಗುರವಿದ್ದರೂ 20 ನಿಮಿಷಕ್ಕೆ ಪುಸ್ತಕ ಬಿಟ್ಟು ಏಳಲೇಬೇಕು. ಚೆನ್ನಾಗಿರುವ ದಿನವೇ ಹೆಚ್ಚು ಅಪಾಯ, ಬಾಕಿ ಬಿದ್ದ ಕೆಲಸವನ್ನೆಲ್ಲಾ ಮುಗಿಸಿಬಿಡೋಣ ಅನ್ನಿಸುತ್ತದೆ. ಒಂದು ವಾರ ತೊಂದರೆ ಇಲ್ಲದೆ ಕಳೆದರೆ 20 ನಿಮಿಷ 25 ಆಗುತ್ತದೆ, ಅದಕ್ಕಿಂತ ಬೇಗ ಇಲ್ಲ.

ಹಾಗಾದರೆ ಸ್ವಲ್ಪವೂ ನೋವಾಗಬಾರದೇ? ಹಾಗೇನಿಲ್ಲ. ಆಟದಲ್ಲಿ ಆಗುವ ಕನ್ಕಷನ್ ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಒಂದು ಅಳತೆ ಕೊಟ್ಟಿದ್ದಾರೆ. ತೊಂದರೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟುಕೊಳ್ಳಿ. ಚಟುವಟಿಕೆಯಿಂದ ಅದು ಎರಡು ಅಂಕದ ಒಳಗೆ ಏರಿ ಒಂದು ಗಂಟೆಯೊಳಗೆ ಇಳಿದರೆ ಹೆದರಬೇಕಿಲ್ಲ, ಅದಕ್ಕಿಂತ ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ. ನನಗೆ ಇದನ್ನು ಹೇಳಿಕೊಟ್ಟದ್ದು ಫಿಸಿಯೋಥೆರಪಿ ಮೇಡಂ. ಆಟಗಾರನಲ್ಲದ ನನಗೂ ಇದು ಹೊಂದಿತು. ಪುಸ್ತಕದ ಮಾರ್ಜಿನ್‌ನಲ್ಲಿ ಇವತ್ತಿಗೂ ಪೆನ್ಸಿಲಿನಲ್ಲಿ 3, 4, 3 ಎಂದು ಬರೆದುಕೊಳ್ಳುತ್ತೇನೆ.

ಇನ್ನೊಂದು ತಿಳಿದದ್ದು, 'ತಲೆ ಸರಿಯಿಲ್ಲ' ಅನ್ನುವ ಒಂದೇ ಕಾಯಿಲೆಯೊಳಗೆ ನಾಲ್ಕೈದು ಬೇರೆ ಬೇರೆ ತೊಂದರೆ ಇರುತ್ತವೆ, ಒಂದೊಂದಕ್ಕೂ ಮದ್ದು ಬೇರೆ. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸೂರು ಗಿರ್ರೆಂದು ತಿರುಗುತ್ತಿತ್ತು. ಅದು ಮಿದುಳಿನದಲ್ಲ, ಒಳಕಿವಿಯದು. ಅಲ್ಲಿರುವ ಸುಣ್ಣದ ಸಣ್ಣ ಹರಳುಗಳು ಪೆಟ್ಟಿಗೆ ಜಾಗ ಬಿಟ್ಟು ಸರಿದರೆ ಹೀಗಾಗುತ್ತದೆ. ಇಎನ್‌ಟಿ ಡಾಕ್ಟರು ಮಲಗಿಸಿ, ತಲೆಯನ್ನು ಒಂದೊಂದೇ ದಿಕ್ಕಿಗೆ ತಿರುಗಿಸಿ ಹಿಡಿದು ಹರಳನ್ನು ಜಾಗಕ್ಕೆ ತಂದರು. ಎಪ್ಲಿ ಎಂದು ಅದರ ಹೆಸರು. ಮಾತ್ರೆ ನುಂಗಿ ನುಂಗಿ ಹೋಗದಿದ್ದ ಆ ಸುತ್ತು ಅದರಿಂದ ನಿಂತಿತು. ಹೊರಳಿದಾಗ ಮಾತ್ರ ತಲೆ ಸುತ್ತುವವರು ದಯವಿಟ್ಟು ಇದನ್ನು ಕೇಳಿ ಮಾಡಿಸಿಕೊಳ್ಳಿ. ಕುತ್ತಿಗೆ ಬೇರೆ ಕಥೆ. ತಲೆಯ ಹಿಂಬದಿಯಿಂದ ಏರುತ್ತಿದ್ದ ನೋವು ಕುತ್ತಿಗೆಯ ಬಿಗಿತದ್ದು, ವ್ಯಾಯಾಮಕ್ಕೆ ಬಗ್ಗಿತು.

ಕಣ್ಣಿನ ವಿಷಯ ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ನನ್ನ ಅನ್ನ ಅದರಲ್ಲಿದೆ. ತಲೆ ತಿರುಗಿಸಿದರೆ ನೋಟ ಹಿಂದೆ ಉಳಿಯುತ್ತಿತ್ತು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಗೆ ಒಂದು ಅಕ್ಷರ ಬರೆದು ಕಣ್ಣಿನ ಮಟ್ಟಕ್ಕೆ ಗೋಡೆಗೆ ಅಂಟಿಸಿದೆ. ನೋಟ ಅಕ್ಷರದ ಮೇಲಿಟ್ಟು, ಬೇಡ ಅನ್ನುವ ಹಾಗೆ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುವುದು. ಅಕ್ಷರ ಮಸುಕಾಗಬಾರದು, ಅಷ್ಟೇ ವೇಗ. ಮೊದಲು ಕೂತು, ಆಮೇಲೆ ನಿಂತು, ಆಮೇಲೆ ಮಡಚಿದ ಕಂಬಳಿಯ ಮೇಲೆ ನಿಂತು. ಬೀಳುವ ಭಯವಿದ್ದವರು ಮೊದಲು ಫಿಸಿಯೋ ಎದುರಿಗೇ ಮಾಡಿ. ಹತ್ತಿರದ ಓದಿಗೆ ಎರಡು ಕಣ್ಣು ಒಟ್ಟಿಗೆ ಒಳಸರಿಯುತ್ತಿರಲಿಲ್ಲ, ಸಾಲಿನ ಮೇಲೆ ಸಾಲು ಹತ್ತುತ್ತಿತ್ತು. ಅದಕ್ಕೆ ಪೆನ್ಸಿಲ್ ತುದಿಯನ್ನು ದೂರದಿಂದ ಮೂಗಿನ ಕಡೆ ನಿಧಾನ ತಂದು, ತುದಿ ಎರಡಾಗಿ ಕಾಣುವ ಮೊದಲು ನಿಲ್ಲಿಸುವ ಅಭ್ಯಾಸ.

ಲೆಡ್ಜರಿಗೆ ಒಂದು ಉಪಾಯ ನಾನೇ ಮಾಡಿಕೊಂಡೆ. ಮದುವೆ ಕಾರ್ಡಿನ ದಪ್ಪ ರಟ್ಟಿನಲ್ಲಿ ಒಂದು ಸಾಲು ಕಾಣುವಷ್ಟು ಉದ್ದನೆ ಕಿಂಡಿ ಕೊರೆದೆ. ಹೊಳೆಯುವ ಬದಿ ಕೆಳಗೆ, ಮಾಸಲು ಬದಿ ಮೇಲೆ. ಅದನ್ನು ಪುಸ್ತಕದ ಮೇಲಿಟ್ಟರೆ ರೈತರ ಹೆಸರು, ಬಾಕ್ಸ್, ರೇಟು, ಮೊತ್ತ ಇಷ್ಟೇ ಕಾಣುತ್ತದೆ, ಉಳಿದ ಸಾಲುಗಳು ಕಣ್ಣಿಗೆ ಮುತ್ತುವುದಿಲ್ಲ. ಕೆಳಗೆ ಜರುಗಿಸುತ್ತಾ ಹೋದರೆ ಸಾಲು ತಪ್ಪದು. ಈಗ ಪಕ್ಕದ ಮಂಡಿಯ ಹಿರಿಯ ರೈಟರೂ ಪೊರೆಯ ಆಪರೇಷನ್ ಆದಮೇಲೆ ನನ್ನ ಹತ್ತಿರ ಒಂದು ಕೊರೆಸಿಕೊಂಡಿದ್ದಾರೆ.

ಬೆಳಕಿಗೆ ಕಪ್ಪು ಕನ್ನಡಕ ಹೊರಗೆ ಬಿಸಿಲಲ್ಲಿ ಮಾತ್ರ. ಮನೆಯೊಳಗೂ ಹಾಕಿಕೊಂಡರೆ ಕಣ್ಣು ಕತ್ತಲೆಗೆ ಒಗ್ಗಿ ಬೆಳಕು ಇನ್ನೂ ಚುಚ್ಚುತ್ತದೆ. ಒಳಗೆ ಟೋಪಿಯ ಅಂಚು ಸಾಕು. ಚೋಕ್ ಹೋಗಿ ಮಿಣುಕುತ್ತಿದ್ದ ಟ್ಯೂಬ್‌ಲೈಟನ್ನು ಮಾಲೀಕರು ಒಂದು ಮಾತಿಗೆ ಬದಲಾಯಿಸಿಕೊಟ್ಟರು. ಸದ್ದಿನ ವಿಷಯದಲ್ಲಿ ನಮ್ಮ ಮನೆಯವಳು ಕಂಡುಕೊಂಡದ್ದು ನನಗೆ ಯಾವ ಡಾಕ್ಟರೂ ಹೇಳಿರಲಿಲ್ಲ: ಮುಂಚೆ ಗೊತ್ತಿದ್ದರೆ ಸದ್ದು ಅಷ್ಟು ಹೊಡೆಯುವುದಿಲ್ಲ. "ಮಿಕ್ಸಿ ಹಾಕ್ತೀನಿ ರೀ" ಎಂದು ಕೂಗಿಯೇ ಸ್ವಿಚ್ ಒತ್ತುತ್ತಾಳೆ. ಮದುವೆಗೆ ಹೋದರೆ ಧಾರೆಗೆ ಹೋಗಿ ಮೊದಲ ಪಂಕ್ತಿಯಲ್ಲಿ ಊಟ ಮುಗಿಸಿ ಬರುತ್ತೇವೆ, ಆರ್ಕೆಸ್ಟ್ರಾ ಇರುವ ರಿಸೆಪ್ಷನ್‌ಗೆ ಅವಳೊಬ್ಬಳೇ. ಬೆಂಗಳೂರಿಗೆ ಚೆಕಪ್‌ಗೆ ಹೋಗುವಾಗ ಬಸ್ಸಿನಲ್ಲಿ ಮುಂದಿನ ಸೀಟು, ನೋಟ ದೂರದ ರಸ್ತೆಯ ಮೇಲೆ, ಫೋನ್ ಜೇಬಲ್ಲಿ.

ನೋವಿನ ಮಾತ್ರೆಯ ಬಗ್ಗೆ ಎಚ್ಚರ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದ ಕೂಡಲೇ ಸಿಗುತ್ತದೆ. ಆದರೆ ಪ್ಯಾರಾಸಿಟಮಾಲ್‌ನಂಥದ್ದನ್ನು ತಿಂಗಳಿಗೆ 15 ದಿನ, ಎರಡು ಮೂರು ಔಷಧಿ ಸೇರಿಸಿದ ಮಾತ್ರೆಯನ್ನು 10 ದಿನ, ಹೀಗೆ ಮೂರು ತಿಂಗಳು ದಾಟಿ ನುಂಗಿದರೆ ಮಾತ್ರೆಯೇ ತಲೆನೋವು ತರುತ್ತದೆ. ನಾನು ನುಂಗಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಕುಡಿತ ಪೂರ್ತಿ ಬಂದ್. ಮಲಗುವ, ಏಳುವ ಹೊತ್ತು ಭಾನುವಾರವೂ ಒಂದೇ. ಅಮ್ಮ ದೃಷ್ಟಿ ತೆಗೆದಳು, ತೆಗೆಯಲಿ, ಅವಳ ಮನಸ್ಸಿಗೆ ನೆಮ್ಮದಿ. ನರದ ಶಕ್ತಿಗೆ ಅಂತ ಗ್ಲೂಕೋಸ್ ಹಾಕಿಸು ಅಂದವರ ಮಾತು ಮಾತ್ರ ಕೇಳಲಿಲ್ಲ.

ಸಿಟ್ಟು, ಅಳು, ಇನ್ನು ನನ್ನಿಂದ ಆಗಲ್ಲ ಅನ್ನುವ ಯೋಚನೆ ಇವೂ ಈ ಕಾಯಿಲೆಯ ಭಾಗವೇ. ಮಗಳ ಮೇಲೆ ರೇಗುವ ಮೊದಲು ಎದ್ದು ಮಹಡಿಗೆ ಹೋಗುತ್ತೇನೆ, ಯಾಕೆ ಹೋದೆ ಎಂದು ಅವಳಿಗೂ ಗೊತ್ತು. ರಾತ್ರಿ ಯೋಚನೆ ಕತ್ತಲಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಎಲ್ಲಕ್ಕಿಂತ ಹೆಚ್ಚು ಚೇತರಿಕೆ ಕೊಟ್ಟದ್ದು ನಡಿಗೆ. ತಲೆನೋವು ಏರದಷ್ಟು ವೇಗದಲ್ಲಿ, ದಿನಾ. ಮೊದಲು ನಮ್ಮ ಬೀದಿಯಲ್ಲಿ, ಆಮೇಲೆ ಕೋಲಾರಮ್ಮನ ಕೆರೆಯ ಕಡೆ. ಈಗ ಅಂತರಗಂಗೆ ಬೆಟ್ಟದ ಮೆಟ್ಟಿಲನ್ನು ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿವರೆಗೆ ನಿಂತು ನಿಂತು ಹತ್ತುತ್ತೇನೆ.

ಮಂಡಿಯಲ್ಲಿ ಸದ್ಯ ನನ್ನದು ಹರಾಜು ಮುಗಿದ ಮೇಲಿನ ಪಟ್ಟಿ ಬರೆಯುವ ಕೆಲಸ. ಕೂಗಿದ್ದನ್ನು ಬರೆಯಲು ಇನ್ನೊಬ್ಬ ಹುಡುಗ ಇದ್ದಾನೆ. ಈ ಸೀಸನ್‌ಗೆ ಹರಾಜಿನಲ್ಲಿ ಮೊದಲ 15 ನಿಮಿಷ ನಾನೂ ನಿಲ್ಲುತ್ತೇನೆ ಎಂದು ಮಾಲೀಕರಿಗೆ ಹೇಳಿದ್ದೇನೆ. "ಆಗಲಿ ಕಣಪ್ಪಾ, ಹುಡುಗ ಪಕ್ಕದಲ್ಲೇ ಇರ್ತಾನೆ" ಎಂದಿದ್ದಾರೆ. ಒಂದು ವಾರ ಅಂಕ ಏರದಿದ್ದರೆ 20 ನಿಮಿಷ.