ಡ್ರೈ ಸಿರಪ್ ಬಾಟಲಿಯಿಂದ ಶುರುವಾದ ಇಂಗ್ಲಿಷ್

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಇಂಗ್ಲಿಷ್‌ಗೆ ಬಂದಿದ್ದು 38. ಪಾಸಾಗಲು 35 ಸಾಕಿತ್ತು, ಮೂರು ಅಂಕ ದಂಡವಾಯಿತು ಅಂತ ಮನೆಯಲ್ಲಿ ಇವತ್ತಿಗೂ ನಗುತ್ತಾರೆ. ಪಿಯುಸಿ ಅರ್ಧಕ್ಕೆ ಬಿಟ್ಟು ತಿಪಟೂರಿನ ಒಂದು ಮೆಡಿಕಲ್ ಶಾಪಿಗೆ ಕೆಲಸಕ್ಕೆ ಸೇರಿದೆ. ಡಾಕ್ಟರ ಚೀಟಿ ನೋಡಿ ಮಾತ್ರೆ ತೆಗೆದುಕೊಡುವಷ್ಟು ಇಂಗ್ಲಿಷ್ ಹೇಗೋ ಬಂತು. ಹೆಸರಿನ ಮೊದಲ ನಾಲ್ಕು ಅಕ್ಷರ, ಪಟ್ಟಿಯ ಬಣ್ಣ, ಇಷ್ಟರಲ್ಲೇ ಕೆಲಸ ನಡೆಯುತ್ತಿತ್ತು.

ಸೇರಿದ ಮೂರನೇ ತಿಂಗಳು ಒಬ್ಬ ತಾಯಿ ಮಗುವಿಗೆ ಅಂತ ಆ್ಯಂಟಿಬಯೋಟಿಕ್ ಡ್ರೈ ಸಿರಪ್ ತಗೊಂಡರು. ಪುಡಿ ಇರುವ ಬಾಟಲಿ ಅದು. ಕುದಿಸಿ ಆರಿಸಿದ ನೀರನ್ನು ಗುರುತಿನ ತನಕ ಹಾಕಿ ಅಲ್ಲಾಡಿಸಬೇಕು. "ಮಿಕ್ಕಿದ್ದನ್ನ ಇಟ್ಕೋಬಹುದಾ ಅಣ್ಣಾ?" ಅಂತ ಕೇಳಿದರು. ನಾನು ಎಕ್ಸ್‌ಪೈರಿ ಡೇಟ್ ನೋಡಿ, "ಇಟ್ಕೊಳ್ಳಿ ಅಕ್ಕಾ, ಇನ್ನೂ ಒಂದೂವರೆ ವರ್ಷ ಇದೆ" ಅಂದೆ. ತಿಂಗಳಾದ ಮೇಲೆ ಅದೇ ಬಾಟಲಿ ಹಿಡಿದು ಬಂದರು. ಮಗುವಿಗೆ ಮತ್ತೆ ಜ್ವರ, ಇದನ್ನೇ ಎಷ್ಟು ಹಾಕಲಿ ಅಂತ. ಪುಣ್ಯಕ್ಕೆ ಮಾಲೀಕರು ಅಲ್ಲೇ ಇದ್ದರು. ಬಾಟಲಿ ಇಸ್ಕೊಂಡು ನನ್ನ ಮೂಗಿನ ಮುಂದೆ ಹಿಡಿದರು. ಸಣ್ಣ ಅಕ್ಷರದಲ್ಲಿ ಒಂದೇ ಸಾಲು: 'ಯೂಸ್ ವಿದಿನ್ 7 ಡೇಸ್ ಆಫ್ಟರ್ ರಿಕಾನ್‌ಸ್ಟಿಟ್ಯೂಷನ್'. ನೀರು ಬೆರೆಸಿದ ಮೇಲೆ ಏಳೇ ದಿನ. ಆ ಉದ್ದದ ಪದ ನೋಡಿ ನಾನು ಹೆದರಿ ಬಿಟ್ಟಿದ್ದೆ. 'ಯೂಸ್', '7 ಡೇಸ್', 'ಆಫ್ಟರ್' ಈ ಮೂರೂ ನನಗೆ ಗೊತ್ತಿದ್ದವು. ಅವನ್ನೂ ಓದಿರಲಿಲ್ಲ.

ಅವತ್ತು ಸಂಜೆ 100 ಪುಟದ ಒಂದು ನೋಟ್‌ಬುಕ್ ತಂದೆ. ಇವತ್ತಿಗೆ ಇಪ್ಪತ್ತು ವರ್ಷ ದಾಟಿದೆ. ಈಗ ಅಂಗಡಿಗೆ ಬರುವ ಹುಡುಗರು, ನನ್ನ ತಂಗಿಯ ಮಗಳು, ಪಕ್ಕದ ಟೈಲರ್ ಎಲ್ಲರೂ "ಹೇಗೆ ಕಲಿತ್ರಿ?" ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು. ವಿಷಯ ನಿಮಗೆ ಮೊದಲೇ ಗೊತ್ತಿರಬೇಕು, ಭಾಷೆ ಮಾತ್ರ ಹೊಸದಾಗಿರಬೇಕು. ಬಹಳ ಜನ ಉಲ್ಟಾ ಮಾಡುತ್ತಾರೆ. ಇಂಗ್ಲಿಷ್ ಪತ್ರಿಕೆ ತರಿಸಿ ನೇರ ಸಂಪಾದಕೀಯಕ್ಕೆ ಕೈ ಹಾಕುತ್ತಾರೆ. ವಿಷಯವೂ ಗೊತ್ತಿಲ್ಲ, ಪದವೂ ಗೊತ್ತಿಲ್ಲ. ನಾಲ್ಕನೇ ದಿನ ಆ ಪತ್ರಿಕೆ ಚಪಾತಿ ಡಬ್ಬಿಯ ತಳಕ್ಕೆ ಹೋಗುತ್ತದೆ. ಬದಲಿಗೆ ಚಿತ್ರಾನ್ನ ಮಾಡುವ ವಿಧಾನವನ್ನು ಇಂಗ್ಲಿಷಿನಲ್ಲಿ ಓದಿ ನೋಡಿ. 'ಮಸ್ಟರ್ಡ್ ಸೀಡ್ಸ್' ಹಾಕಿ 'ಸ್ಪ್ಲಟರ್' ಆಗಲು ಬಿಡಿ ಅಂತ ಇರುತ್ತದೆ. ಸಾಸಿವೆ ಎಣ್ಣೆಗೆ ಬಿದ್ದರೆ ಏನಾಗುತ್ತದೆ ಅಂತ ನಿಮಗೆ ಡಿಕ್ಷನರಿ ಹೇಳಬೇಕಾ? 'ಕೋರ್ಸ್‌ಲಿ ಗ್ರೈಂಡ್' ಅಂದರೆ ತರಿತರಿಯಾಗಿ ರುಬ್ಬುವುದು, 'ಸೋಕ್ ಓವರ್‌ನೈಟ್' ಅಂದರೆ ರಾತ್ರಿಯೆಲ್ಲ ನೆನೆಹಾಕುವುದು. ಅಡುಗೆ ಗೊತ್ತಿರುವ ಅಮ್ಮಂದಿರು ಇದನ್ನು ನನಗಿಂತ ಬೇಗ ಹಿಡಿಯುತ್ತಾರೆ.

ಎರಡನೆಯದು ಅಳತೆ. ಒಂದು ದಿನಕ್ಕೆ 100 ಪದ ಸಾಕು, ಹೆಚ್ಚೆಂದರೆ 150. ಉದ್ದ ಇದ್ದರೆ ಕತ್ತರಿಸಿ, ಯಾರೂ ಬೈಯುವುದಿಲ್ಲ. ಆ ನೂರರಲ್ಲಿ ಗೊತ್ತಿಲ್ಲದ ಪದ ಐದಕ್ಕಿಂತ ಜಾಸ್ತಿ ಇದ್ದರೆ ಅದನ್ನು ಎತ್ತಿಟ್ಟು ಬೇರೆ ತಗೊಳ್ಳಿ. ಯಾರ ಸಹಾಯವೂ ಇಲ್ಲದೆ ಆರಾಮವಾಗಿ ಓದಲು ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು ಅಂತ ಈ ವಿಷಯ ಅಧ್ಯಯನ ಮಾಡಿದವರು ಹೇಳುತ್ತಾರೆ. ನಮ್ಮ ಕೈಯಲ್ಲಿ ಮೊಬೈಲ್ ಡಿಕ್ಷನರಿ ಇದೆಯಲ್ಲ, ಹಾಗಾಗಿ ನಾನು ಐದರ ತನಕ ಬಿಟ್ಟುಕೊಳ್ಳುತ್ತೇನೆ.

ಓದುವುದು ಮೂರು ಸಲ. ಮೊದಲ ಸಲ ಡಿಕ್ಷನರಿ ಮುಟ್ಟಬೇಡಿ. ತಪ್ಪೋ ಸರಿಯೋ, ಊಹೆ ಮಾಡಿ. ಎರಡನೇ ಸಲ ಪೆನ್ಸಿಲ್ ಹಿಡಿದು ಕ್ರಿಯಾಪದ ಹುಡುಕಿ, ಅದರ ಕೆಳಗೆ ಗೆರೆ ಎಳೆಯಿರಿ. ಇದು ನಮಗೆ ಬಹಳ ಮುಖ್ಯ. ಕನ್ನಡದಲ್ಲಿ ಕೆಲಸದ ಮಾತು ಕೊನೆಗೆ ಬರುತ್ತದೆ, ಅದಕ್ಕೇ ಕಾಯುವುದು ನಮಗೆ ಅಭ್ಯಾಸ. ಇಂಗ್ಲಿಷಿನವರು ಅದನ್ನು ಮೊದಲೇ ಹೇಳಿಬಿಟ್ಟು ಎಲ್ಲಿ, ಯಾವಾಗ, ಯಾಕೆ ಅನ್ನುವುದನ್ನೆಲ್ಲ ಹಿಂದೆ ಬಾಲದ ಹಾಗೆ ಕಟ್ಟುತ್ತಾರೆ. 'ಟೇಕ್ ಒನ್ ಟ್ಯಾಬ್ಲೆಟ್ ಆಫ್ಟರ್ ಫುಡ್ ಅಟ್ ನೈಟ್'. ಇದನ್ನು ಬಾಲದಿಂದ ಹಿಡಿದು ಬನ್ನಿ: ರಾತ್ರಿ, ಊಟ ಆದ ಮೇಲೆ, ಒಂದು ಮಾತ್ರೆ, ತಗೊಳ್ಳಿ. ಕನ್ನಡ ತಾನಾಗಿ ಬಂತು ಅಲ್ವಾ? ಉದ್ದ ವಾಕ್ಯ ಕಂಡರೆ ಇವತ್ತಿಗೂ ನಾನು ಮಾಡುವುದು ಇದನ್ನೇ.

ಮೂರನೇ ಸಲ ಜೋರಾಗಿ ಓದಿ. ಶಟರ್ ಎತ್ತುವ ಮುಂಚೆ ಅಂಗಡಿಯೊಳಗೆ ನಿಂತು ನಾನು ಓದುತ್ತಿದ್ದೆ, ಕೇಳಿದವರು ಮಂತ್ರ ಅಂದುಕೊಂಡಿರಬೇಕು. ಆದರೆ ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ಬರೆದಂತೆ ಓದುವ ಹಾಗಿಲ್ಲ. 'ರಿಸೀಟ್' ಅನ್ನುವುದನ್ನು ನಾನು ಎಷ್ಟೋ ವರ್ಷ 'ರಿಸಿಪ್ಟ್' ಅನ್ನುತ್ತಿದ್ದೆ. 'ರೆಸಿಪಿ'ಯನ್ನು 'ರಿಸೈಪ್' ಅಂದಿದ್ದೂ ಇದೆ. ಈಗ ಫೋನೇ ಓದಿ ಹೇಳುತ್ತದೆ, ಹೊಸ ಪದವನ್ನು ಒಂದು ಸಲ ಕೇಳಿಸಿಕೊಳ್ಳಿ. ಅಂದ ಹಾಗೆ, ಡಾಕ್ಟರು ಚೀಟಿಯ ಮೇಲೆ ಬರೆಯುತ್ತಾರಲ್ಲ ಆರ್‌ಎಕ್ಸ್ ಅಂತ, ಅದು 'ತಗೋ' ಅನ್ನುವ ಅರ್ಥದ ಒಂದು ಲ್ಯಾಟಿನ್ ಪದದ ಗುರುತು. ಆ ಪದವೇ 'ರೆಸಿಪಿ'ಯ ಮೂಲ. ಅಡುಗೆಮನೆಗೆ ಹೋಗುವ ಮುಂಚೆ ಅದು ನಮ್ಮ ಔಷಧಿ ಅಂಗಡಿಯಲ್ಲೇ ಇತ್ತು.

ಇನ್ನು ವಿಷಯ ಯಾಕೆ ಬದಲಾಯಿಸುತ್ತಿರಬೇಕು ಅಂತ. ನನಗೆ ಇದು ಗೊತ್ತಾಗಿದ್ದು 'ಡ್ರಾಪ್' ಅನ್ನುವ ಪದದಿಂದ. ಅಂಗಡಿಯಲ್ಲಿ ಅದು ಕಿವಿಗೆ, ಕಣ್ಣಿಗೆ ಹಾಕುವ ಹನಿ. ಹವಾಮಾನದ ಸುದ್ದಿಯಲ್ಲಿ 'ಡ್ರಾಪ್ ಇನ್ ಟೆಂಪರೇಚರ್' ಅಂದರೆ ಉಷ್ಣಾಂಶ ಇಳಿಯಿತು. ಕ್ರಿಕೆಟ್ ವರದಿಯಲ್ಲಿ ಕ್ಯಾಚ್ ಕೈಚೆಲ್ಲಿದರು. ಬಸ್‌ಸ್ಟ್ಯಾಂಡ್ ತನಕ 'ಡ್ರಾಪ್' ಕೊಡ್ತೀರಾ ಅಂತ ನಾವೇ ದಿನಾ ಕೇಳುತ್ತೇವೆ. ಬರೀ ಔಷಧಿ ಚೀಟಿ ಓದುತ್ತಾ ಕೂತಿದ್ದರೆ ನನಗೆ ಹನಿ ಮಾತ್ರ ಸಿಗುತ್ತಿತ್ತು. 'ಅಪ್ಲೈ' ಕೂಡ ಹಾಗೇ. ಮುಲಾಮಿನ ಟ್ಯೂಬಿನ ಮೇಲೆ ಹಚ್ಚು, ನೋಟಿಸ್ ಬೋರ್ಡಿನ ಮೇಲೆ ಅರ್ಜಿ ಹಾಕು. 'ಚಾರ್ಜ್' ಫೋನಿಗೂ ಉಂಟು, ಕರೆಂಟ್ ಬಿಲ್ಲಿಗೂ ಉಂಟು, ಪೊಲೀಸ್ ಸ್ಟೇಷನ್ನಿಗೂ ಉಂಟು.

ಪದ ಮಾತ್ರ ಅಲ್ಲ, ಒಂದೊಂದು ವಿಷಯದಲ್ಲಿ ಒಂದೊಂದು ವ್ಯಾಕರಣ ಅಡಗಿದೆ. ಲೇಬಲ್ ಮತ್ತು ಅಡುಗೆ ಎರಡೂ ಆಜ್ಞೆ ಮಾಡುತ್ತವೆ: 'ಶೇಕ್ ವೆಲ್', 'ಸ್ಟೋರ್ ಇನ್ ಎ ಕೂಲ್ ಪ್ಲೇಸ್'. ವಾಕ್ಯ ಕ್ರಿಯಾಪದದಿಂದಲೇ ಶುರು, ಅದಕ್ಕೇ ಹೊಸಬರಿಗೆ ಸುಲಭ. ಮೊದಲ ಒಂದು ತಿಂಗಳು ಇವೆರಡನ್ನೇ ಓದಿ. 'ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್' ಅನ್ನುವುದನ್ನು ಒಂದೊಂದೇ ಪದ ಬಿಡಿಸಲು ಹೋದರೆ ತಲೆ ಕೆಡುತ್ತದೆ. ಇಡೀ ಸಾಲಿಗೆ 'ಮಕ್ಕಳ ಕೈಗೆ ಸಿಗದ ಹಾಗೆ ಇಡಿ' ಅಂತ ಬರೆದುಕೊಳ್ಳಿ, ಮುಗಿಯಿತು.

ಹವಾಮಾನ ವರದಿ ನನಗೆ ತುಂಬಾ ಇಷ್ಟ. ಚಿಕ್ಕದು, ದಿನಾ ಹೊಸದು, ಪದಗಳು ಮಾತ್ರ ಅವೇ. 'ಲೈಕ್ಲಿ' ಅಂತ ಕಂಡಲ್ಲೆಲ್ಲ ನಮ್ಮ 'ಬಹುದು' ಹಾಕಿಕೊಳ್ಳಿ: ಮಳೆ ಬರಬಹುದು, ಗಾಳಿ ಬೀಸಬಹುದು. 'ರೇನ್ ಅಟ್ ಐಸೊಲೇಟೆಡ್ ಪ್ಲೇಸಸ್' ಅಂತ ಓದಿ ಕಾಡು, ಗುಡ್ಡ, ಜನ ಇಲ್ಲದ ಜಾಗ ಅಂದುಕೊಂಡಿದ್ದೆ ನಾನು. ಅಂಥ ಕಡೆ ಮಳೆ ಬಂದರೆ ಸುದ್ದಿ ಯಾಕೆ ಅಂತ ಅನುಮಾನ ಬೇರೆ! ಕನ್ನಡ ಪತ್ರಿಕೆ ತೆಗೆದು ನೋಡಿದೆ, 'ಒಂದೆರಡು ಕಡೆ' ಅಂತಿತ್ತು. 'ಹೆವಿ' ಅನ್ನುವುದೂ ಇಲ್ಲಿ ಸುಮ್ನೆ 'ಜೋರು' ಅಲ್ಲ. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5ರ ತನಕ ಬಿದ್ದರೆ ಹವಾಮಾನ ಇಲಾಖೆ ಅದನ್ನು 'ಹೆವಿ' ಅನ್ನುತ್ತದೆ. ಅದರಾಚೆ 204.4ರ ತನಕ 'ವೆರಿ ಹೆವಿ', ಇನ್ನೂ ಮೇಲೆ ಹೋದರೆ 'ಎಕ್ಸ್‌ಟ್ರೀಮ್ಲಿ ಹೆವಿ'. ಮಳೆಗಾಲದಲ್ಲಿ ಆಗುಂಬೆ ಕಡೆಯ ಸುದ್ದಿ ಓದಿದರೆ ಮೂರೂ ಪದ ಒಂದೇ ವಾರದಲ್ಲಿ ಗಟ್ಟಿಯಾಗುತ್ತವೆ.

ಸುದ್ದಿ ಓದುವುದಾದರೆ ಜೋಡಿ ಓದು ಮಾಡಿ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಒಂದೇ ಸಂಸ್ಥೆಯವು, ಎರಡೂ ಶುರುವಾಗಿದ್ದು 1948ರಲ್ಲಿ. ಒಂದೇ ಊರಿನ ಒಂದೇ ಘಟನೆ ಎರಡರಲ್ಲೂ ಸಿಗುವ ಸಾಧ್ಯತೆ ಜಾಸ್ತಿ. ಮೊದಲು ಕನ್ನಡದಲ್ಲಿ ಓದಿ, ಚಹಾ ಕುಡಿದು, ಆಮೇಲೆ ಇಂಗ್ಲಿಷಿನದು ತೆಗೆಯಿರಿ. ಸಾಲಿಗೆ ಸಾಲು ಅನುವಾದ ಇರುವುದಿಲ್ಲ, ಅದನ್ನು ನಿರೀಕ್ಷಿಸಬೇಡಿ. ತಲೆಬರಹದ ಹತ್ತಿರ ಮಾತ್ರ ಹುಷಾರು, ಅಲ್ಲಿನ ಇಂಗ್ಲಿಷೇ ಬೇರೆ. 'ಸ್ಕೂಲ್ಸ್ ಟು ರಿಮೇನ್ ಕ್ಲೋಸ್ಡ್ ಟುಮಾರೋ' ಅನ್ನುವುದರಲ್ಲಿ 'ವಿಲ್' ಎಲ್ಲಿ? ಜಾಗ ಉಳಿಸಲು 'ಟು' ಅನ್ನುವುದನ್ನೇ ಮುಂದೆ ಆಗುವ ಕೆಲಸಕ್ಕೆ ಬಳಸುತ್ತಾರೆ. 'ಟೂ ಹೆಲ್ಡ್ ಫಾರ್ ಥೆಫ್ಟ್' ಅಂತ ನೋಡಿ ನಮ್ಮ ಟೈಲರ್, "ಇಬ್ರು ಸೇರಿ ಕಳ್ಳನ್ನ ಹಿಡಿದ್ರಂತೆ" ಅಂದ. ಹಿಡಿದವರಲ್ಲ ಮಾರಾಯ, ಸಿಕ್ಕಿಬಿದ್ದವರು! ಪೂರ್ತಿ ವಾಕ್ಯದಲ್ಲಿ 'ವರ್ ಹೆಲ್ಡ್' ಅಂತ ಇರಬೇಕಾಗಿತ್ತು, ಆ 'ವರ್' ನುಂಗಿದ್ದಾರೆ.

ಯಾರು ಮಾಡಿದರು ಅಂತ ಹೇಳದ ಇಂಥ ವಾಕ್ಯಗಳನ್ನು ಕಲಿಯಲು ರೈಲ್ವೆ ಸ್ಟೇಷನ್ನಿಗಿಂತ ಒಳ್ಳೆಯ ಶಾಲೆ ಇಲ್ಲ. ರೈಲು ತಡವಾದಾಗ ಕನ್ನಡದಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಅದೇ ಮಾತನ್ನು ಹೇಳುತ್ತಾರೆ. 'ದಿ ಇನ್‌ಕನ್ವೀನಿಯೆನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್'. ತೊಂದರೆ ಕೊಟ್ಟವರು ಯಾರು, ವಿಷಾದ ಪಡುವವರು ಯಾರು, ಎರಡೂ ಗೊತ್ತಾಗುವುದಿಲ್ಲ! ಔಷಧಿ ಪಟ್ಟಿಯ ಕೆಂಪು ಗೆರೆಯ ಪಕ್ಕದ ಎಚ್ಚರಿಕೆಯಲ್ಲೂ ಹೀಗೇ, 'ಟು ಬಿ ಸೋಲ್ಡ್' ಅಂತ ಶುರುವಾಗಿ, ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬೇಕು ಅನ್ನುವುದರಲ್ಲಿ ಮುಗಿಯುತ್ತದೆ. ಆ 'ಮಾತ್ರ', ಅಂದರೆ 'ಓನ್ಲಿ', ಕಟ್ಟಕಡೆಗೆ ಕೂತಿರುತ್ತದೆ. ಕೊನೆಯ ಪದ ಓದದೆ ಬಿಟ್ಟರೆ ಅರ್ಥವೇ ಬದಲಾಗುತ್ತದೆ.

ಬ್ಯಾಂಕಿನ ಮೆಸೇಜು ವಾರಕ್ಕೆ ಒಂದು ಸಾಕು: 'ಡೆಬಿಟೆಡ್' ಅಂದರೆ ಹೋಯಿತು, 'ಕ್ರೆಡಿಟೆಡ್' ಅಂದರೆ ಬಂತು. ಮೋಸದ ಮೆಸೇಜನ್ನೂ ಒಂದು ಸಲ ನೋಟ್‌ಬುಕ್ಕಿಗೆ ಇಳಿಸಿ. ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್ ಮಾಡುತ್ತೇವೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ ಅಂತ ಬರುತ್ತಿತ್ತಲ್ಲ, ಅಂಥದ್ದು. ನಿಧಾನಕ್ಕೆ ಓದಿದರೆ ಕಾಣುತ್ತದೆ: ನಿಮ್ಮ ಹೆಸರಿಲ್ಲ, ಮೀಟರ್ ನಂಬರಿಲ್ಲ, ಬಾಕಿ ಎಷ್ಟು ಅಂತಿಲ್ಲ. ಇರುವುದು 'ಇಮಿಡಿಯೆಟ್ಲಿ' ಅನ್ನುವ ಅವಸರ ಒಂದೇ.

ಕ್ರಿಕೆಟ್ ಇಷ್ಟ ಇದ್ದವರು ರಾತ್ರಿ ಮ್ಯಾಚ್ ನೋಡಿ ಬೆಳಗ್ಗೆ ವರದಿ ಓದಿ, ಅದಕ್ಕೆ ನಾನು ಹೇಳಿಕೊಡುವುದು ಏನೂ ಇಲ್ಲ. ತಂಗಿಯ ಮಗಳಿಗೆ ನಾನು ತೋರಿಸಿದ್ದು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್. ಮಕ್ಕಳ ಕಥೆಗಳು ಹಂತ ಹಂತವಾಗಿ ಜೋಡಿಸಿವೆ, ದುಡ್ಡು ಕೊಡಬೇಕಾಗಿಲ್ಲ. ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ದೊಡ್ಡವರು ಮಕ್ಕಳ ಕಥೆ ಓದಲು ನಾಚಿಕೊಳ್ಳುತ್ತಾರೆ. ನಾನು 40 ದಾಟಿದವನು, ಎರಡನೇ ಹಂತದ ಕಥೆಯಲ್ಲೂ ನನಗೆ ಹೊಸ ಪದ ಸಿಕ್ಕಿದೆ.

"ಓದಿದ್ರೆ ಮಾತಾಡೋಕೆ ಬರುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ತಾನಾಗಿ ಬರುವುದಿಲ್ಲ, ಅದು ನಿಜ. ಆದರೂ ಓದು ಮೊದಲು ಅನ್ನುವುದು ನನ್ನ ಪಕ್ಷ. ಸುಮಾರು ನೂರು ವರ್ಷದ ಹಿಂದೆ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಅನ್ನುವವರೂ ಬಂಗಾಳದ ಮಕ್ಕಳ ಬಗ್ಗೆ ಇದನ್ನೇ ವಾದಿಸಿದ್ದರು. ಎಲ್‌ಐಸಿ ಪಾಲಿಸಿ ಅರ್ಧಕ್ಕೆ ನಿಲ್ಲಿಸಿದರೆ ಸರೆಂಡರ್ ವ್ಯಾಲ್ಯೂ ಅಂತ ಒಂದಿಷ್ಟು ಕೈಗೆ ಬರುತ್ತದಲ್ಲ, ಅವರು ಬಳಸಿದ್ದೂ ಅದೇ ಮಾತು. ಬಹಳ ಮಕ್ಕಳು ಓದನ್ನು ಅರ್ಧಕ್ಕೆ ಬಿಡುತ್ತಾರೆ, ಬಿಟ್ಟರೂ ಕೈಯಲ್ಲಿ ಏನಾದರೂ ಉಳಿಯಬೇಕು, ಹಾಗೆ ಉಳಿಯುವುದು ಓದುವ ಶಕ್ತಿ ಅನ್ನುವುದು ಅವರ ಲೆಕ್ಕ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ನೋಟ್‌ಬುಕ್ ಬಗ್ಗೆ ಒಂದು ಮಾತು ಉಳಿಯಿತು. ಎಡಗಡೆ ಪುಟಕ್ಕೆ ಓದಿದ್ದರಲ್ಲಿ ಐದಾರು ಸಾಲು ಕೈಯಾರೆ ಬರೆಯಿರಿ, ಬಲಗಡೆ ನಿಮ್ಮ ಮನೆಮಾತಿನ ಕನ್ನಡ. ಇಂಗ್ಲಿಷ್ ಪದದ ತಲೆಯ ಮೇಲೆ ಕನ್ನಡ ಅರ್ಥ ಬರೆಯಬೇಡಿ, ಕಣ್ಣು ಮೇಲಿನದನ್ನೇ ಓದುತ್ತದೆ. ಗೊತ್ತಾಗದ ಪದಕ್ಕೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ. ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡುವ ಹಟ ನಾನೂ ಮಾಡಿದ್ದೆ, ಹದಿನೈದು ದಿನವೂ ನಡೆಯಲಿಲ್ಲ. ಭಾನುವಾರ ಹೊಸದೇನೂ ಓದದೆ ಹಿಂದಿನ ಆರು ಪುಟ ತಿರುವಿ. ಅರ್ಧ ಪ್ರಶ್ನೆ ಚಿಹ್ನೆಗಳು ಅಷ್ಟರಲ್ಲಿ ತಾವೇ ಅಳಿಸುವ ಹಾಗಾಗಿರುತ್ತವೆ, ಅದೇ ಪದ ಬೇರೆ ಕಡೆ ಸಿಕ್ಕಿರುತ್ತದೆ.

ಈಗ ನಡೆಯುತ್ತಿರುವ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಮ್ಮ ಮನೆ ಮಿಕ್ಸಿಯ ವಾರಂಟಿ ಕಾರ್ಡ್ ಇದೆ. ಜಾರ್ ಸೋರುತ್ತಿದೆ, ಅಂಗಡಿಗೆ ಹೋಗಿ ಗಲಾಟೆ ಮಾಡೋಣ ಅಂತ ಮನೆಯವಳು ಹೊರಟಿದ್ದಳು. 'ಡಸ್ ನಾಟ್ ಕವರ್ ಜಾರ್ಸ್, ಬ್ಲೇಡ್ಸ್ ಆ್ಯಂಡ್ ರಬ್ಬರ್ ಪಾರ್ಟ್ಸ್' ಅಂತ ಬಲಗಡೆ ಪುಟಕ್ಕೆ ಕನ್ನಡ ಮಾಡಿ ತೋರಿಸಿದೆ. ಓದಿ ಸುಮ್ಮನಾದಳು. ಸಂಜೆ ಹೊಸ ವಾಷರ್ ತಂದು ಹಾಕಿದೆ, 20 ರೂಪಾಯಿ.