ಇಲಿಯ ಕರುಳಲ್ಲಿ ಹೊಳೆಯುವ ಕಣಗಳು: ನನ್ನ ಅನುಭವ

ಕಣಗಳು ಕರುಳಿನಲ್ಲಿ ಎಲ್ಲೆಲ್ಲಿ ಸಾಗುತ್ತವೆ ಎಂದು ನೋಡಲು ಇಲಿಗೆ ಹೊಳೆಯುವ ನ್ಯಾನೋಕಣ ಕುಡಿಸಿ ಕ್ಯಾಮೆರಾ ಕೆಳಗಿಟ್ಟರೆ ಹೊಟ್ಟೆ ಬೆಳಗುತ್ತದೆ. ಏನೂ ಕುಡಿಸದೆ ಇಟ್ಟರೂ ಅಷ್ಟಿಷ್ಟು ಬೆಳಗುತ್ತದೆ! ನನ್ನ ಶ್ರಮದಲ್ಲಿ ಅರ್ಧ ಹೋದದ್ದು ಈ ಎರಡನೇ ಬೆಳಕನ್ನು ನಂದಿಸುವುದಕ್ಕೆ.

ಅದರ ಮೂಲ ಆಹಾರ. ಪ್ರಯೋಗಾಲಯದ ಇಲಿಗಳ ಮಾಮೂಲಿ ಆಹಾರದಲ್ಲಿ ಕುದುರೆಮೆಂತೆಯ ಪುಡಿ ಇರುವುದು ಸಾಮಾನ್ಯ. ಅದರ ಹಸಿರು, ಅಂದರೆ ಕ್ಲೋರೊಫಿಲ್, 670 ನ್ಯಾನೋಮೀಟರ್ ಆಸುಪಾಸು ಕೆಂಪಗೆ ಹೊಳೆಯುತ್ತದೆ. ಆ ಹೊಳಪಿನ ಬಾಲ 700 ದಾಟಿಯೂ ಚಾಚಿಕೊಂಡಿರುತ್ತದೆ. ಹಾಗಾಗಿ ಒಂದು ವಾರ ಮುಂಚೆಯೇ ಪಿಷ್ಟ, ಕೇಸಿನ್ (ಹಾಲಿನ ಪ್ರೋಟೀನು) ಬೆರೆಸಿದ ಶುದ್ಧೀಕೃತ ಆಹಾರಕ್ಕೆ ಬದಲಾಯಿಸುತ್ತೇನೆ. ಹೊಟ್ಟೆಯ ಕೂದಲನ್ನೂ ತೆಗೆಯಬೇಕು, ಅದು ಬೆಳಕನ್ನು ಚದುರಿಸುತ್ತದೆ.

ಸಿಲಿಕಾ ಕಣ ತಯಾರಿಸಿದ್ದು 1968ರ ಸ್ಟೋಬರ್ ವಿಧಾನದಲ್ಲಿ: ಎಥನಾಲ್, ಅಮೋನಿಯಾ, ಸಿಲಿಕಾ ಕೊಡುವ ಟಿಇಒಎಸ್ ಎಂಬ ದ್ರವ. ಒಳಗೆ 750 ನ್ಯಾನೋಮೀಟರ್ ಸುಮಾರಿಗೆ ಬೆಳಕು ಹೀರಿ 780ರ ಸುಮಾರಿಗೆ ಹೊರಸೂಸುವ ಸಯನಿನ್ ಬಣ್ಣ. ಆ ತರಂಗಾಂತರದಲ್ಲಿ ರಕ್ತವೂ ನೀರೂ ಬೆಳಕನ್ನು ಕಡಿಮೆ ನುಂಗುತ್ತವೆ. 2023ರಲ್ಲಿ ತಮ್ಮ ಶೋಧಕರಿಗೆ ನೊಬೆಲ್ ತಂದುಕೊಟ್ಟ ಕ್ವಾಂಟಮ್ ಡಾಟ್‌ಗಳು (ಅರೆವಾಹಕದ ಅತಿಸಣ್ಣ ಹರಳುಗಳು) ಇದಕ್ಕಿಂತ ಚೆನ್ನಾಗಿ ಹೊಳೆಯುತ್ತವೆ. ಆದರೆ ಹೆಚ್ಚಿನವುಗಳಲ್ಲಿ ಕ್ಯಾಡ್ಮಿಯಂ ಇದೆ, ಜಠರದಲ್ಲೋ ಆಮ್ಲ. ನನಗೆ ಧೈರ್ಯ ಬರಲಿಲ್ಲ.

ಬಣ್ಣವನ್ನು ಸಿಲಿಕಾ ಒಳಗೆ ಸುಮ್ಮನೆ ಸಿಕ್ಕಿಸಿದರೆ ಸಾಲದು, ರಾಸಾಯನಿಕ ಬಂಧದಿಂದ ಕಟ್ಟಬೇಕು. ಇಲ್ಲದಿದ್ದರೆ ಕಣ ಒಂದು ಕಡೆ, ಸೋರಿದ ಬಣ್ಣ ಇನ್ನೊಂದು ಕಡೆ. ಕ್ಯಾಮೆರಾಕ್ಕೆ ಎರಡೂ ಒಂದೇ. ಅದಕ್ಕೇ ಇಲಿಗೆ ಕೊಡುವ ಮೊದಲು ಪೆಪ್ಸಿನ್ ಎಂಬ ಜೀರ್ಣಕಿಣ್ವ ಬೆರೆತ ಪಿಎಚ್ 1.2ರ ಕೃತಕ ಜಠರರಸದಲ್ಲೂ ಆಮೇಲೆ ಪಿಎಚ್ 6.8ರ ಕೃತಕ ಕರುಳರಸದಲ್ಲೂ ನೆನೆಸಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ ಕಣಗಳನ್ನು ತಳಕ್ಕಿಳಿಸಿ, ಮೇಲಿನ ತಿಳಿ ಹೊಳೆಯುತ್ತದೆಯೇ ಎಂದು ನೋಡುತ್ತೇನೆ. ಹೊಳೆದರೆ ಆ ಬ್ಯಾಚ್ ಚರಂಡಿಗಲ್ಲ, ತ್ಯಾಜ್ಯದ ಡಬ್ಬಿಗೆ.

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬಂದ ಮೇಲೆ ಮೂರು ಗುಂಪು: ಕಣ ಕುಡಿದವು, ಬರೀ ಬಣ್ಣ ಕುಡಿದವು, ನೀರು ಕುಡಿದವು. ತುದಿ ಗುಂಡಗಿರುವ ಬಾಗಿದ ಸೂಜಿಯಿಂದ 200 ಮೈಕ್ರೋಲೀಟರ್ ನೇರ ಜಠರಕ್ಕೆ. ಐಸೊಫ್ಲುರೇನ್ ಅರಿವಳಿಕೆ ಕರುಳಿನ ಚಲನೆಯನ್ನೇ ನಿಧಾನಿಸುತ್ತದೆ. ಆದ್ದರಿಂದ ಚಿತ್ರ ತೆಗೆಯುವಷ್ಟು ಹೊತ್ತು ಮಲಗಿಸಿ, ಕೂಡಲೇ ಎಬ್ಬಿಸಿಬಿಡುತ್ತೇನೆ.

ಇಲಿ ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತದೆ ಎಂಬುದು ಇನ್ನೊಂದು ತೊಡಕು. ಹೊರಬಂದ ಕಣ ಮತ್ತೆ ಬಾಯಿಗೆ ಹೋಗಿ, ಖಾಲಿಯಾಗಿರಬೇಕಾದ ಜಠರ ಪುನಃ ಮಿನುಗುತ್ತದೆ. ಹಿಕ್ಕೆ ಕೆಳಗೆ ಬೀಳುವ ಜಾಲರಿ ನೆಲದ ಪಂಜರ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಪೂರ್ತಿಯಲ್ಲ.

ಜೀವಂತ ಇಲಿಯ ಚಿತ್ರದಲ್ಲಿ ಕಾಣುವುದು ಮಸುಕಾದ ಮೋಡ. ಅದು ಸಣ್ಣಕರುಳೋ ಸೀಕಮ್ಮೋ (ದೊಡ್ಡಕರುಳಿನ ಶುರುವಿನ ಚೀಲ) ಎಂದು ಅದೊಂದನ್ನೇ ನೋಡಿ ಹೇಳುವವರನ್ನು ನಾನು ನಂಬುವುದಿಲ್ಲ. ಕೊನೆಯಲ್ಲಿ ಕರುಳನ್ನು ಹೊರತೆಗೆದು ತಟ್ಟೆಯ ಮೇಲೆ ಉದ್ದಕ್ಕೆ ಹಾಸಿ ಮತ್ತೊಮ್ಮೆ ಚಿತ್ರ ತೆಗೆದಾಗಲೇ ಜಾಗ ಖಚಿತವಾಗುವುದು. ಪಕ್ಕದಲ್ಲಿ ಯಕೃತ್ತು, ಗುಲ್ಮ, ಮೂತ್ರಪಿಂಡಗಳನ್ನೂ ಇಡುತ್ತೇನೆ, ಕರುಳಿನ ಗೋಡೆ ದಾಟಿದ್ದೇನಾದರೂ ಇದೆಯೇ ನೋಡಲು.

ಮನೆಯವರು ಕೇಳುವುದುಂಟು, ಇನ್ನು ಮೇಲೆ ಎಂಡೋಸ್ಕೋಪಿ ಬೇಡವೇ ಎಂದು. ಬೇಕು. ಇಲಿಯ ಹೊಟ್ಟೆಯಿಂದ ಬೆಳಕು ಹೊರಬರುತ್ತದೆ, ನಮ್ಮ ಹೊಟ್ಟೆಯ ದಪ್ಪಕ್ಕೆ ಅದು ಒಳಗೇ ಮುಗಿದುಹೋಗುತ್ತದೆ.